ದೊಡ್ಡ ಸಂಖ್ಯೆಯೊಂದನ್ನು ಪೆನ್ನು-ಹಾಳೆಯಲ್ಲೇ ಬಿಡಿಸುವುದು ಹೇಗೆ: ಬಳ್ಳಾರಿಯ 583101 ಹಿಡಿದು ಒಂದು ಸಮಗ್ರ ಮಾರ್ಗದರ್ಶಿ

ಮೇ ತಿಂಗಳಲ್ಲಿ ಬಳ್ಳಾರಿಯ ಮಧ್ಯಾಹ್ನ ಹೇಗಿರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಹನ್ನೊಂದಕ್ಕೆ ಮನೆಯೊಳಗೆ ಸೇರಿದರೆ ಐದರ ತನಕ ಹೊರಗೆ ಕಾಲಿಡುವ ಹಾಗಿಲ್ಲ. ಕಳೆದ ಬೇಸಿಗೆ ರಜೆಗೆ ಅಕ್ಕನ ಮಗಳು ಬಂದಿದ್ದಳು. ಒಂಬತ್ತನೇ ಕ್ಲಾಸು ಮುಗಿಸಿದ ಹುಡುಗಿ. ಅಂಚೆಯಲ್ಲಿ ಬಂದಿದ್ದ ಕವರ್ ಒಂದನ್ನು ತಿರುಗಿಸಿ ಅದರ ಮೇಲಿನ ಪಿನ್‌ಕೋಡ್ ನೋಡುತ್ತಾ, "ಮಾಮ, ಈ 583101 ಯಾವ ಮಗ್ಗಿಯಲ್ಲಿ ಬರ್ತೈತೆ?" ಅಂತ ಕೇಳಿದಳು.

ಆ ಒಂದು ಪ್ರಶ್ನೆ ಹಿಡಿದು ನಾವಿಬ್ಬರೂ ನಾಲ್ಕು ದಿನ ಕೂತೆವು. ಆಗ ಮಾಡಿದ್ದನ್ನೆಲ್ಲ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಫೋನಿನಲ್ಲಿ ಹಾಕಿದರೆ ಉತ್ತರ ಒಂದು ಕ್ಷಣದಲ್ಲಿ ಸಿಗುತ್ತದೆ, ನಿಜ. ಆದರೆ ಕೈಯಲ್ಲಿ ಬಿಡಿಸಿದಾಗ ಆ ಸಂಖ್ಯೆ ನಮ್ಮದಾಗುತ್ತದೆ. ಇದನ್ನು ನಾನು ಮನಸಾರೆ ನಂಬುತ್ತೇನೆ.

ಮೊದಲೇ ಒಂದು ಮಾತು. ಯಾವುದೇ ಸಂಖ್ಯೆಯ ಬಗ್ಗೆ ಏನೇ ತಿಳಿಯಬೇಕೆಂದರೂ, ಮೊದಲು ಅದರ ಅವಿಭಾಜ್ಯ ಅಪವರ್ತನಗಳನ್ನು ಹುಡುಕಿ, ಅಂದರೆ ಅದನ್ನು ನಿಶ್ಶೇಷವಾಗಿ ಭಾಗಿಸುವ, ಆದರೆ ತಾವು ಮತ್ತೆ ಒಡೆಯದ ಸಂಖ್ಯೆಗಳನ್ನು. ಕಷ್ಟವೆಲ್ಲ ಅಲ್ಲೇ ಇದೆ. ಅವು ಸಿಕ್ಕ ಮೇಲೆ ಉಳಿದದ್ದು ಐದೈದು ನಿಮಿಷದ ಕೆಲಸ. ಬೇಕಾಗಿರುವುದು ಪೆನ್ನು, ಚೌಕುಳಿ ಹಾಳೆಯ ನೋಟ್‌ಬುಕ್, ಮತ್ತೆ ಕೂಡಿ ಕಳೆಯುವ ತಾಳ್ಮೆ. ಕ್ಯಾಲ್ಕುಲೇಟರ್ ಕೊನೆಯಲ್ಲಿ ತಾಳೆ ನೋಡಲು ಇರಲಿ.

ಸಂಖ್ಯೆ ಆರಿಸಿಕೊಳ್ಳುವುದು

ಪಿನ್‌ಕೋಡ್ ಇದಕ್ಕೆ ತುಂಬಾ ಒಳ್ಳೆಯದು. ಆರು ಅಂಕಿ ಇದೆ, ಬಾಯಿಪಾಠ ಇದೆ, ನಮ್ಮ ಊರಿನದು. ಈ ವ್ಯವಸ್ಥೆ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಇದನ್ನು ರೂಪಿಸಿದವರು ಶ್ರೀರಾಮ್ ಭಿಕಾಜಿ ವೇಲಣಕರ್. ಮೊದಲ ಅಂಕಿ 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ವಲಯ. ಮೊದಲ ಮೂರು ಅಂಕಿ ಪತ್ರಗಳನ್ನು ವಿಂಗಡಿಸುವ ಜಿಲ್ಲೆಯನ್ನು ಹೇಳುತ್ತವೆ. ಕೊನೆಯ ಮೂರು ಅಂಕಿ ಬಟವಾಡೆ ಮಾಡುವ ಅಂಚೆ ಕಚೇರಿಯನ್ನು ಹೇಳುತ್ತವೆ.

ನಾವು ಮೂರು ಸಂಖ್ಯೆ ಇಟ್ಟುಕೊಂಡೆವು. ಬಳ್ಳಾರಿ 583101, ರಾಯಚೂರು 584101, ಕೊಪ್ಪಳ 583231. ಕೊಪ್ಪಳ 1997ರ ತನಕ ರಾಯಚೂರು ಜಿಲ್ಲೆಯಲ್ಲೇ ಇತ್ತು. ಆದರೂ ಅದರ ಪಿನ್ ಶುರುವಾಗುವುದು 583ರಿಂದ. ಅಂಚೆಯ ಗಡಿ ಬೇರೆ, ಜಿಲ್ಲೆಯ ಗಡಿ ಬೇರೆ.

ಹಂತ 1: ಬಾಲ ನೋಡಿ

583101ರ ಕೊನೆಯ ಅಂಕಿ 1. ಹಾಗಾಗಿ 2ರಿಂದಲೂ 5ರಿಂದಲೂ ನಿಶ್ಶೇಷವಾಗಿ ಭಾಗವಾಗುವುದಿಲ್ಲ. ಇದು ಎಲ್ಲರಿಗೂ ಗೊತ್ತು. ಇನ್ನೆರಡು ಶೇಷಗಳನ್ನೂ ಈಗಲೇ ಬರೆದಿಟ್ಟುಕೊಳ್ಳಿ. 4ರಿಂದ ಭಾಗಿಸಿದರೆ ಏನು ಉಳಿಯುತ್ತದೆ ಅಂತ ತಿಳಿಯಲು ಕೊನೆಯ ಎರಡು ಅಂಕಿ ಸಾಕು: 01, ಶೇಷ 1. 8ಕ್ಕೆ ಕೊನೆಯ ಮೂರು ಅಂಕಿ ಸಾಕು: 101, ಶೇಷ 5. ಇವುಗಳಲ್ಲಿ 8ರ ಶೇಷ ಮುಂದೆ ಬೇಕಾಗುತ್ತದೆ.

ಹಂತ 2: ಅಂಕಿ ಕೂಡಿ

5+8+3+1+0+1 = 18. ಹದಿನೆಂಟು 9ರ ಮಗ್ಗಿಯಲ್ಲಿದೆ, ಆದ್ದರಿಂದ 583101 ಕೂಡ 9ರಿಂದ ಭಾಗವಾಗುತ್ತದೆ. ಯಾಕೆ ಹೀಗೆ? 10 ಅಂದರೆ 9+1, 100 ಅಂದರೆ 99+1, 1000 ಅಂದರೆ 999+1. ಪ್ರತಿ ಸ್ಥಾನದಲ್ಲೂ ಒಂಬತ್ತುಗಳನ್ನು ಬಿಟ್ಟುಬಿಟ್ಟರೆ ಉಳಿಯುವುದು ಆ ಸ್ಥಾನದ ಅಂಕಿ ಮಾತ್ರ. ಶಾಲೆಯಲ್ಲಿ ನಿಯಮ ಹೇಳಿಕೊಡುತ್ತಾರೆ, ಈ ಕಾರಣವನ್ನೂ ಜೊತೆಗೆ ಹೇಳಿದರೆ ಮಕ್ಕಳು ಮರೆಯುವುದಿಲ್ಲ.

583101 ÷ 9 = 64789. ಇದರ ಅಂಕಿಗಳ ಮೊತ್ತ 34, ಅಂದರೆ ಇನ್ನು 3 ಉಳಿದಿಲ್ಲ. ಈಗ 64789 ಅನ್ನುವುದೇ ನಮ್ಮ ಗಂಟು.

ಹಂತ 3: ಸಂಖ್ಯೆಯನ್ನು ಮೂರು ಮೂರು ಅಂಕಿಯಾಗಿ ಕತ್ತರಿಸಿ

ಇದು ನನಗೆ ತುಂಬಾ ಇಷ್ಟವಾದ ಹಂತ. 7×11×13 = 1001. ಹಾಗೆಯೇ 27×37 = 999. ಎರಡೂ ಸಾವಿರದ ಅಕ್ಕಪಕ್ಕದ ಸಂಖ್ಯೆಗಳು. ಒಂದು ಸಾವಿರಕ್ಕಿಂತ ಒಂದು ಜಾಸ್ತಿ, ಇನ್ನೊಂದು ಒಂದು ಕಡಿಮೆ. ಇದರಿಂದ ಎರಡು ಉಪಾಯ ಹುಟ್ಟುತ್ತವೆ.

ಮೊದಲನೆಯದು: ಆರಂಕಿಯ ಸಂಖ್ಯೆಯನ್ನು ಮಧ್ಯಕ್ಕೆ ಕತ್ತರಿಸಿ, ಒಂದರಿಂದ ಇನ್ನೊಂದನ್ನು ಕಳೆಯಿರಿ. ಉಳಿದದ್ದು 7, 11 ಅಥವಾ 13ರಿಂದ ಭಾಗವಾದರೆ ಇಡೀ ಸಂಖ್ಯೆಯೂ ಅದರಿಂದ ಭಾಗವಾಗುತ್ತದೆ. ಎರಡನೆಯದು: ಕಳೆಯುವ ಬದಲು ಕೂಡಿಸಿ. ಮೊತ್ತ 37ರಿಂದ ಭಾಗವಾದರೆ ಇಡೀ ಸಂಖ್ಯೆಯೂ ಭಾಗವಾಗುತ್ತದೆ.

ಬಳ್ಳಾರಿ: 583 − 101 = 482. ಇದು 2×241. ಏಳೂ ಇಲ್ಲ, ಹನ್ನೊಂದೂ ಇಲ್ಲ, ಹದಿಮೂರೂ ಇಲ್ಲ. 583 + 101 = 684. 37×18 = 666, ಇನ್ನು 18 ಉಳಿಯಿತು. ಹಾಗಾಗಿ 37 ಕೂಡ ಇಲ್ಲ. ಒಂದೇ ಏಟಿಗೆ ನಾಲ್ಕು ಸಂಖ್ಯೆ ಹೊರಗೆ ಹೋದವು.

ರಾಯಚೂರು: 584 − 101 = 483 = 7×69. ಏಳು ಸಿಕ್ಕಿತು! 584101 = 7 × 83443.

ಕೊಪ್ಪಳ: 583 − 231 = 352 = 11×32. ಹನ್ನೊಂದು ಸಿಕ್ಕಿತು. 583 + 231 = 814 = 37×22. ಮೂವತ್ತೇಳೂ ಸಿಕ್ಕಿತು! ಎರಡು ಸಾಲಿನ ಲೆಕ್ಕದಲ್ಲಿ 583231 = 11 × 37 × 1433 ಅಂತ ಬಂತು. ಅಕ್ಕನ ಮಗಳು ಚಪ್ಪಾಳೆ ತಟ್ಟಿದ್ದು ಇಲ್ಲೇ.

ಹಂತ 4: ಎಲ್ಲಿಯ ತನಕ ಹುಡುಕಬೇಕು?

ಬಳ್ಳಾರಿಯ 64789 ಇನ್ನೂ ಬಿಚ್ಚಿಕೊಂಡಿಲ್ಲ. ಅದನ್ನು 17, 19, 23 ಹೀಗೆ ಒಂದೊಂದೇ ಅವಿಭಾಜ್ಯ ಸಂಖ್ಯೆಯಿಂದ ಪರೀಕ್ಷಿಸಬೇಕು. ಆದರೆ ಎಲ್ಲಿ ನಿಲ್ಲಿಸಬೇಕು? ವರ್ಗಮೂಲದ ಹತ್ತಿರ. ಅಪವರ್ತನಗಳು ಯಾವಾಗಲೂ ಜೋಡಿಯಾಗಿ ಬರುತ್ತವೆ. ಜೋಡಿಯಲ್ಲಿ ಎರಡೂ ವರ್ಗಮೂಲಕ್ಕಿಂತ ದೊಡ್ಡದಾಗಿರಲು ಆಗುವುದಿಲ್ಲ, ಹಾಗಿದ್ದರೆ ಗುಣಲಬ್ಧ ಸಂಖ್ಯೆಯನ್ನೇ ಮೀರಿಬಿಡುತ್ತದೆ. ಹಾಗಾಗಿ ಚಿಕ್ಕದು ವರ್ಗಮೂಲದೊಳಗೇ ಸಿಗಬೇಕು, ಅಲ್ವಾ?

254×254 = 64516. 255×255 = 65025. ಅಂದರೆ 254ರೊಳಗಿನ ಅವಿಭಾಜ್ಯ ಸಂಖ್ಯೆಗಳು ಸಾಕು. ಅಂಥವು ಒಟ್ಟು 54, ಕೊನೆಯದು 251. ಅರವತ್ತು ಸಾವಿರ ದಾಟಿದ ಸಂಖ್ಯೆಗೆ ಬರೀ 54 ಪರೀಕ್ಷೆ. ಅದರಲ್ಲಿ ಏಳು ಆಗಲೇ ಮುಗಿದಿವೆ.

ಹಂತ 5: ಕೊನೆಯ ಅಂಕಿಯನ್ನು ಉದುರಿಸಿ

ಉದ್ದ ಭಾಗಾಕಾರ ಮಾಡುತ್ತಾ ಹೋದರೆ ಹಾಳೆ ತುಂಬುತ್ತದೆ, ತಪ್ಪೂ ಜಾಸ್ತಿ. ನಾನು ಬಳಸುವ ದಾರಿ ಬೇರೆ. ಯಾವ ಸಂಖ್ಯೆಯಿಂದ ಪರೀಕ್ಷಿಸುತ್ತಿದ್ದೇವೋ ಅದರ ಮಗ್ಗಿಯಿಂದ ಒಂದನ್ನು ತೆಗೆದುಕೊಂಡು ಕೂಡಿಸಿ, ಇಲ್ಲವೇ ಕಳೆಯಿರಿ. ಕೊನೆಯ ಅಂಕಿ ಸೊನ್ನೆಯಾಗಬೇಕು. ಆ ಸೊನ್ನೆಯನ್ನು ಉದುರಿಸಿ. ಮತ್ತೆ ಅದೇ ಕೆಲಸ. ಸಂಖ್ಯೆ ಚಿಕ್ಕದಾಗುತ್ತಾ ಬಂದು ಕೊನೆಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಸೊನ್ನೆ ಉದುರಿಸುವುದು ಅಂದರೆ 10ರಿಂದ ಭಾಗಿಸುವುದು. ನಾವು ಪರೀಕ್ಷಿಸುವ ಸಂಖ್ಯೆಯಲ್ಲಿ 2 ಇಲ್ಲ, 5 ಇಲ್ಲ. ಹಾಗಾಗಿ ಅದರಿಂದ ತೊಂದರೆ ಆಗುವುದಿಲ್ಲ.

17ಕ್ಕೆ ನೋಡಿ. 64789ಕ್ಕೆ 51 ಕೂಡಿಸಿದರೆ 64840. ಸೊನ್ನೆ ಉದುರಿಸಿದರೆ 6484. ಅದರಿಂದ 34 ಕಳೆದರೆ 6450, ಅಂದರೆ 645. ಅದರಿಂದ 85 ಕಳೆದರೆ 560, ಅಂದರೆ 56. ಹದಿನೇಳರ ಮಗ್ಗಿಯಲ್ಲಿ 56 ಇಲ್ಲ. 17 ಹೊರಗೆ.

19ಕ್ಕೆ: 64789 + 171 = 64960, ಅಂದರೆ 6496. 6496 + 114 = 6610, ಅಂದರೆ 661. 661 − 361 = 300. ಎರಡು ಸೊನ್ನೆ ಉದುರಿದರೆ 3. 19 ಹೊರಗೆ.

23, 29, 31, 41, 43, 47, 53, 59 ಎಲ್ಲ ಇದೇ ರೀತಿ ಹೊರಗೆ ಹೋಗುತ್ತವೆ. ನೀವೇ ಮಾಡಿ ನೋಡಿ, ಒಂದಕ್ಕೆ ಅರ್ಧ ನಿಮಿಷ ಹಿಡಿಯುತ್ತದೆ. 61ಕ್ಕೆ: 64789 − 549 = 64240, 6424. 6424 − 244 = 6180, 618. 618 − 488 = 130, ಅಂದರೆ 13. ಇಲ್ಲ.

67ಕ್ಕೆ: 64789 − 469 = 64320, ಅಂದರೆ 6432. 6432 − 402 = 6030, ಅಂದರೆ 603. ಆರುನೂರಾ ಮೂರು ಅಂದರೆ 67×9!

ಗಂಟು ಬಿಚ್ಚಿತು. 64789 = 67 × 967.

ಹಂತ 6: ತಾಳೆ ನೋಡದೆ ಮುಂದೆ ಹೋಗಬೇಡಿ

ಮೇಲೆ ಬರೆದಷ್ಟು ಸಲೀಸಾಗಿ ನಮಗೆ ಇದು ಸಿಕ್ಕಿರಲಿಲ್ಲ. ಮೊದಲ ದಿನ ಉದ್ದ ಭಾಗಾಕಾರದಲ್ಲೇ ಮಾಡಿದ್ದೆವು. 67ರ ಹತ್ತಿರ ಬಂದಾಗ 67×7 ಅನ್ನು 469ರ ಬದಲು 459 ಅಂತ ಬರೆದೆ. ಶೇಷ 10 ಬಂತು. ಸರಿ, ಇದೂ ಇಲ್ಲ ಅಂತ ಮುಂದೆ ಹೋದೆವು. 251ರ ತನಕ ಹೋಗಿ, 64789 ಅವಿಭಾಜ್ಯ ಸಂಖ್ಯೆ ಅಂತ ದೊಡ್ಡದಾಗಿ ಬರೆದು ಕೆಳಗೆ ಗೆರೆ ಎಳೆದೆವು. ಇಡೀ ಮಧ್ಯಾಹ್ನದ ಕೆಲಸ ಒಂದು ಅಂಕಿಯಿಂದ ಹಾಳಾಗಿತ್ತು. ಅದು ನಮಗೆ ಗೊತ್ತೂ ಆಗಿರಲಿಲ್ಲ.

ಸಂಜೆ ಒಂಬತ್ತರ ತಾಳೆ ಹಾಕಿ ನೋಡಿದಾಗ ಸಿಕ್ಕಿತು. ಅದು ಹೀಗೆ. ಪ್ರತಿ ಸಂಖ್ಯೆಯ ಅಂಕಿಗಳನ್ನು ಒಂದೇ ಅಂಕಿ ಉಳಿಯುವ ತನಕ ಕೂಡುತ್ತಾ ಹೋಗಿ. 67 → 13 → 4. ಭಾಗಲಬ್ಧ 967 → 22 → 4. 4×4 = 16 → 7. ನಾನು ಬರೆದಿದ್ದ ಶೇಷ 10 → 1. ಕೂಡಿದರೆ 8. ಮೂಲ ಸಂಖ್ಯೆ 64789 → 34 → 7. ಎಂಟಕ್ಕೂ ಏಳಕ್ಕೂ ತಾಳೆ ಆಗಲಿಲ್ಲ. ತಪ್ಪು ಹಿಡಿದದ್ದು ಹಾಗೆ.

ಈ ತಾಳೆ ಎಲ್ಲ ತಪ್ಪನ್ನೂ ಹಿಡಿಯುವುದಿಲ್ಲ. ಎರಡು ಅಂಕಿ ಅದಲು ಬದಲಾಗಿದ್ದರೆ ಇದಕ್ಕೆ ಕಾಣುವುದಿಲ್ಲ, ಮೊತ್ತ ಅಷ್ಟೇ ಇರುತ್ತದಲ್ಲ. ಆದರೂ ಹತ್ತು ಸೆಕೆಂಡಿನ ಕೆಲಸ. ಪ್ರತಿ ಭಾಗಾಕಾರದ ಪಕ್ಕದಲ್ಲೂ ಹಾಕಿ.

ಹಂತ 7: ಉಳಿದದ್ದು ಅವಿಭಾಜ್ಯವೇ?

967 ಇನ್ನೂ ಒಡೆಯಬಹುದೇ? ಇಲ್ಲಿ ಒಂದು ಲಾಭ ಇದೆ. 967ನ್ನು ಭಾಗಿಸುವ ಯಾವುದೇ ಸಂಖ್ಯೆ 64789ನ್ನೂ ಭಾಗಿಸಬೇಕು. ಆದರೆ 67ಕ್ಕಿಂತ ಚಿಕ್ಕ ಅವಿಭಾಜ್ಯ ಸಂಖ್ಯೆಗಳನ್ನೆಲ್ಲ ಆಗಲೇ ಹೊರಗೆ ಹಾಕಿದ್ದೇವೆ. 967ರ ವರ್ಗಮೂಲ 31ರ ಆಸುಪಾಸು. ಹಾಗಾಗಿ ಮತ್ತೆ ಒಂದೂ ಪರೀಕ್ಷೆ ಮಾಡಬೇಕಾಗಿಲ್ಲ. 967 ಅವಿಭಾಜ್ಯ.

583101 = 3 × 3 × 67 × 967.

ಯಾರು ಯಾವ ದಾರಿಯಲ್ಲಿ ಬಿಡಿಸಿದರೂ ಸಿಗುವುದು ಈ ನಾಲ್ಕೇ. ಎಸ್ಸೆಸ್ಸೆಲ್ಸಿಯಲ್ಲಿ ಅಂಕಗಣಿತದ ಮೂಲಭೂತ ಪ್ರಮೇಯ ಅಂತ ಓದುತ್ತೀವಲ್ಲ, ಅದು ಇದೇ.

ಕೊಪ್ಪಳದ 1433ಕ್ಕೆ ಆ ಲಾಭ ಇಲ್ಲ. ಅಲ್ಲಿ ನಾವು 17ರಿಂದ 31ರ ತನಕ ನೋಡದೆ 37ಕ್ಕೆ ಹಾರಿದ್ದೆವು. ಹಾಗಾಗಿ 17, 19, 23, 29, 31 ನೋಡಬೇಕು. ಶೇಷಗಳು 5, 8, 7, 12, 7. 11ರಿಂದ ಮತ್ತೆ ಭಾಗಿಸಿದರೆ 3, 37ರಿಂದ 27. ಸೊನ್ನೆ ಎಲ್ಲೂ ಇಲ್ಲ. ವರ್ಗಮೂಲ 38ಕ್ಕಿಂತ ಕಡಿಮೆ. 1433 ಕೂಡ ಅವಿಭಾಜ್ಯ.

ರಾಯಚೂರಿನ 83443 ಮಾತ್ರ ನಮ್ಮ ತಾಳ್ಮೆ ಪರೀಕ್ಷೆ ಮಾಡಿತು. 288ರ ವರ್ಗ 82944, 289ರ ವರ್ಗ 83521. ಅಂದರೆ 283ರ ತನಕ 61 ಅವಿಭಾಜ್ಯ ಸಂಖ್ಯೆಗಳು. ಒಂದಾದ ಮೇಲೊಂದು ನೋಡುತ್ತಾ ಹೋದೆವು. 73ರಲ್ಲಿ ಶೇಷ 4, 149ರಲ್ಲಿ ಶೇಷ 3, 181ರಲ್ಲಿ ಶೇಷ 2. ಇನ್ನೇನು ಸಿಕ್ಕಿತು ಅನ್ನಿಸುತ್ತದೆ, ಸಿಗುವುದಿಲ್ಲ. ಒಗ್ಗರಣೆ ಮಿರ್ಚಿ ತಿನ್ನುತ್ತಾ ಎರಡನೇ ದಿನದ ಸಂಜೆಗೆ ಮುಗಿಸಿದೆವು. 83443 ಅವಿಭಾಜ್ಯ. 584101ರಲ್ಲಿ ಇರುವುದು 7 ಮತ್ತು ಈ ಒಡೆಯದ ಬಂಡೆ, ಅಷ್ಟೇ.

ಹಂತ 8: ಈಗ ಸುಗ್ಗಿ

ಎಷ್ಟು ಅಪವರ್ತನಗಳಿವೆ? ಪ್ರತಿ ಅವಿಭಾಜ್ಯದ ಘಾತಕ್ಕೆ, ಅಂದರೆ ಅದು ಎಷ್ಟು ಸಲ ಬಂದಿದೆಯೋ ಅದಕ್ಕೆ, ಒಂದು ಸೇರಿಸಿ ಗುಣಿಸಿ. ಬಳ್ಳಾರಿಯಲ್ಲಿ 3ರ ಘಾತ 2, ಉಳಿದವುಗಳದು 1. ಹಾಗಾಗಿ 3×2×2 = 12. ಅವು 1, 3, 9, 67, 201, 603, 967, 2901, 8703, 64789, 194367, 583101. ಕೊಪ್ಪಳಕ್ಕೆ 8, ರಾಯಚೂರಿಗೆ ಬರೀ 4.

ಅಪವರ್ತನಗಳ ಮೊತ್ತ ಬೇಕೇ? ಹನ್ನೆರಡನ್ನೂ ಕೂಡಬೇಕಾಗಿಲ್ಲ. (1+3+9) × (1+67) × (1+967), ಅಂದರೆ 13×68×968 = 855712. ಇದರಲ್ಲಿ 583101ನ್ನೇ ಕಳೆದರೆ 272611. ತನ್ನ ಅಪವರ್ತನಗಳನ್ನೆಲ್ಲ ಸೇರಿಸಿದರೂ ತನ್ನ ಅರ್ಧಕ್ಕೂ ಬರಲಿಲ್ಲ. ಹೀಗೆ ಮೊತ್ತ ತನಗಿಂತ ಕಡಿಮೆ ಬರುವವು ಕೊರತೆಯ ಸಂಖ್ಯೆಗಳು. ಈ ಕೊರತೆಯ ಮಾತು ಸಿಂಧನೂರಿನಲ್ಲಿ ಮತ್ತೆ ಬರುತ್ತದೆ.

583101ರ ಜೊತೆ ಸಾಮಾನ್ಯ ಅಪವರ್ತನ ಇಲ್ಲದ, ಅದಕ್ಕಿಂತ ಚಿಕ್ಕ ಸಂಖ್ಯೆಗಳು ಎಷ್ಟು? 6×66×966 = 382536. 67ಕ್ಕೆ 66, 967ಕ್ಕೆ 966, 3×3ಕ್ಕೆ 3×2.

ಮೂರು ಊರಿನ ಸಂಖ್ಯೆಗಳ ನಡುವೆ ಸಾಮಾನ್ಯವಾದದ್ದು ಏನಾದರೂ ಇದೆಯೇ? ಇದಕ್ಕೆ ಅಪವರ್ತನವೂ ಬೇಡ, ಕಳೆದರೆ ಸಾಕು. ರಾಯಚೂರಿನಿಂದ ಬಳ್ಳಾರಿ ಕಳೆದರೆ ಸರಿಯಾಗಿ 1000. ಎರಡನ್ನೂ ಭಾಗಿಸುವ ಸಂಖ್ಯೆ 1000ವನ್ನೂ ಭಾಗಿಸಬೇಕು. ಸಾವಿರದಲ್ಲಿರುವುದು 2 ಮತ್ತು 5 ಮಾತ್ರ. ಎರಡೂ ಪಿನ್‌ಗಳ ಕೊನೆಯ ಅಂಕಿ 1. ಹಾಗಾಗಿ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಒಂದೇ. ಕೊಪ್ಪಳ ಮತ್ತು ಬಳ್ಳಾರಿಯ ವ್ಯತ್ಯಾಸ 130, ಅಂದರೆ 2×5×13. ಬಳ್ಳಾರಿಯಲ್ಲಿ 13 ಇಲ್ಲ ಅಂತ ಮೂರನೇ ಹಂತದಲ್ಲೇ ನೋಡಿದ್ದೇವೆ. ಅಲ್ಲೂ ಒಂದೇ. ಯೂಕ್ಲಿಡ್‌ನ ಭಾಗಾಕಾರ ವಿಧಾನದ ಒಳಗಿರುವುದು ಇದೇ ಕಳೆಯುವ ಉಪಾಯ.

ಹಂತ 9: ವರ್ಗಗಳ ಆಟ

ಇಲ್ಲಿ ಸ್ವಲ್ಪ ನಿಧಾನವಾಗಿ ಬನ್ನಿ. ಸಂಖ್ಯೆಯ ಗುಣ ಅಂದರೆ ಬರೀ ಭಾಗಾಕಾರ ಅಲ್ಲ ಅನ್ನುವುದು ನನಗೆ ಗೊತ್ತಾದದ್ದು ಇಲ್ಲಿ.

ಮೊದಲು ವರ್ಗಗಳ ವ್ಯತ್ಯಾಸ. ಯಾವುದೇ ಎರಡು ಬೆಸ ಸಂಖ್ಯೆಗಳ ಗುಣಲಬ್ಧವನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯಬಹುದು. ಅವುಗಳ ಮೊತ್ತದ ಅರ್ಧದ ವರ್ಗದಿಂದ ವ್ಯತ್ಯಾಸದ ಅರ್ಧದ ವರ್ಗ ಕಳೆಯಿರಿ. 603×967 ತೆಗೆದುಕೊಳ್ಳಿ. ಮೊತ್ತದ ಅರ್ಧ 785. ವ್ಯತ್ಯಾಸದ ಅರ್ಧ 182. 785ರ ವರ್ಗ 616225, 182ರ ವರ್ಗ 33124. ಕಳೆದರೆ ಸರಿಯಾಗಿ 583101! ಹನ್ನೆರಡು ಅಪವರ್ತನಗಳು ಆರು ಜೋಡಿಯಾಗುತ್ತವೆ. ಹಾಗಾಗಿ ಬಳ್ಳಾರಿಯನ್ನು ಹೀಗೆ ಆರು ರೀತಿ ಬರೆಯಬಹುದು.

ಇನ್ನು ವರ್ಗಗಳ ಮೊತ್ತ. ಎರಡು ವರ್ಗಗಳನ್ನು ಕೂಡಿಸಿ 583101 ಮಾಡಬಹುದೇ? ಇದಕ್ಕೆ ಒಂದು ಚಂದದ ನಿಯಮ ಇದೆ. 4ರಿಂದ ಭಾಗಿಸಿದರೆ ಶೇಷ 3 ಬರುವ ಪ್ರತಿ ಅವಿಭಾಜ್ಯವೂ ಸಮ ಸಂಖ್ಯೆಯಷ್ಟು ಸಲ ಬಂದಿರಬೇಕು. ಇದರ ಬುಡದಲ್ಲಿರುವ ಸಂಗತಿಯನ್ನು ಗಣಿತಜ್ಞ ಫರ್ಮಾ 1640ರಲ್ಲಿ ಹೇಳಿದ್ದ, ನೂರು ವರ್ಷದ ನಂತರ ಆಯ್ಲರ್ ಸಾಧಿಸಿದ. ನಮ್ಮಲ್ಲಿ 3 ಎರಡು ಸಲ ಇದೆ, ಪರವಾಗಿಲ್ಲ. ಆದರೆ 67 ಒಂದೇ ಸಲ, 967 ಒಂದೇ ಸಲ. ಎರಡಕ್ಕೂ ಶೇಷ 3. ಹಾಗಾಗಿ ಎರಡು ವರ್ಗ ಸಾಲುವುದಿಲ್ಲ.

ಮೂರು ವರ್ಗ ಸಾಕೇ? ಇಲ್ಲಿ ಮೊದಲ ಹಂತದಲ್ಲಿ ಬರೆದಿಟ್ಟ 8ರ ಶೇಷ ಕೆಲಸಕ್ಕೆ ಬರುತ್ತದೆ. ಯಾವ ವರ್ಗವನ್ನೇ 8ರಿಂದ ಭಾಗಿಸಿ, ಶೇಷ 0, 1 ಅಥವಾ 4 ಮಾತ್ರ. ಇವುಗಳಲ್ಲಿ ಮೂರನ್ನು ಹೇಗೆ ಕೂಡಿಸಿದರೂ ಶೇಷ 7 ಬರುವುದಿಲ್ಲ. ಬೇಕಿದ್ದರೆ ಕೂಡಿ ನೋಡಿ. ಹಾಗಾಗಿ ಶೇಷ 7 ಇರುವ ಸಂಖ್ಯೆಗೆ ಮೂರು ವರ್ಗ ಸಾಲುವುದೇ ಇಲ್ಲ. ಬಳ್ಳಾರಿಯ ಶೇಷ 5, ರಾಯಚೂರಿನದೂ 5. ಇಬ್ಬರಿಗೂ ಮೂರು ಸಾಕು ಅನ್ನುವುದು 1798ರಲ್ಲಿ ಲೆಜಾಂಡ್ರ್ ಕೊಟ್ಟ ಪ್ರಮೇಯ. ಹುಡುಕುವುದು ಹೇಗೆ? ಹತ್ತಿರದ ವರ್ಗ ಕಳೆಯಿರಿ. 763ರ ವರ್ಗ 582169. ಉಳಿದದ್ದು 932, ಅಂದರೆ 4×233. 233 = 169 + 64. ನಾಲ್ಕರಿಂದ ಗುಣಿಸಿದರೆ 676 + 256.

583101 = 763² + 26² + 16²

584101 = 764² + 18² + 9²

ಕೊಪ್ಪಳದ ಕೊನೆಯ ಮೂರು ಅಂಕಿ 231. 8×28 = 224, ಶೇಷ 7! ಮೂರು ವರ್ಗದಲ್ಲಿ ಅದು ಕೂರುವುದೇ ಇಲ್ಲ. ಆದರೆ ನಾಲ್ಕು ವರ್ಗ ಯಾವ ಸಂಖ್ಯೆಗಾದರೂ ಸಾಕು ಅಂತ ಲಗ್ರಾಂಜ್ 1770ರಲ್ಲೇ ಸಾಧಿಸಿದ್ದ.

583231 = 763² + 31² + 10² + 1²

ಮೂರನೇ ಹಂತದಲ್ಲಿ ಎಲ್ಲಕ್ಕಿಂತ ಬೇಗ ಬಿಚ್ಚಿಕೊಂಡ ಕೊಪ್ಪಳ ಇಲ್ಲಿ ಎಲ್ಲಕ್ಕಿಂತ ಜಾಸ್ತಿ ಕೇಳಿತು.

ಹಂತ 10: ಇನ್ನೂ ದೊಡ್ಡದು ಬೇಕೆಂದರೆ

ಹನ್ನೆರಡು ಅಂಕಿಯ ಸಂಖ್ಯೆಗೆ ಈ ಕೈಲೆಕ್ಕ ಸಾಕಾಗುವುದಿಲ್ಲ ಅನ್ನಿಸಬಹುದು. ಆದರೆ ಸಂಖ್ಯೆಯ ಆಕಾರ ನೋಡಬೇಕು. ಬಳ್ಳಾರಿಯ ಪಿನ್ ಎರಡು ಸಲ ಬರೆಯಿರಿ: 583101583101. ಓದಿದರೆ 58,310 ಕೋಟಿ 15 ಲಕ್ಷ 83 ಸಾವಿರದ 101. ಇದು 583101 × 1000001. ಮತ್ತೆ 1000001 ಅಂದರೆ 101 × 9901. ಎರಡೂ ಅವಿಭಾಜ್ಯ. ಅಲ್ಲಿಗೆ 3×3×67×101×967×9901, ಒಟ್ಟು 48 ಅಪವರ್ತನಗಳು. ಯಾವುದೋ ಹನ್ನೆರಡು ಅಂಕಿಯ ಸಂಖ್ಯೆಯಾಗಿದ್ದರೆ ಕೈಯಲ್ಲಿ ದಿನಗಟ್ಟಲೆ ಹಿಡಿಯುತ್ತಿತ್ತು.

ಆಕಾರ ನೋಡುವ ಈ ಕಣ್ಣು ನಮ್ಮ ನೆಲದಲ್ಲಿ ಹಳೆಯದು. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಅದರಲ್ಲಿ 12345654321 ಅನ್ನುವ ಸಂಖ್ಯೆ ಬರುತ್ತದೆ. ಒಂದರಿಂದ ಆರಕ್ಕೆ ಏರಿ ಮತ್ತೆ ಇಳಿಯುವ ಸಂಖ್ಯೆ ಅಂತ ಅದರ ವರ್ಣನೆ. ಅದು 111111ರ ವರ್ಗ. ಮತ್ತೆ 111111 ಅಂದರೆ 111×1001, ಅಂದರೆ 3×7×11×13×37. ಕೊಪ್ಪಳದ 11 ಮತ್ತು 37 ಅಲ್ಲೂ ಜೊತೆಯಾಗಿ ಕೂತಿವೆ. ಮೂರನೇ ಹಂತದ ಉಪಾಯಗಳೆಲ್ಲ ಅದರೊಳಗೇ ಇವೆ.

ಕೊನೆಗೆ ಸಿಂಧನೂರು

ನಾಲ್ಕನೇ ದಿನ ಅವಳೇ ಒಂದು ಸಂಖ್ಯೆ ಆರಿಸಿದಳು, ಸಿಂಧನೂರಿನ 584128. ಸಮ ಸಂಖ್ಯೆ. ಅರ್ಧ, ಅದರ ಅರ್ಧ, ಹೀಗೆ ಆರು ಸಲ ಮಾಡಿದಾಗ 9127 ಉಳಿಯಿತು. 89ರ ತನಕ ನೋಡಿದಳು, ಯಾವುದರಿಂದಲೂ ಹೋಗಲಿಲ್ಲ. 584128 = 64 × 9127.

ಅಪವರ್ತನಗಳ ಮೊತ್ತ 127 × 9128 = 1159256. ಸಂಖ್ಯೆಯನ್ನೇ ಕಳೆದರೆ 575128. ಕೊರತೆ ಎಷ್ಟು ಅಂತ ನೋಡಿದರೆ ಸರಿಯಾಗಿ 9000. ಇಷ್ಟು ದುಂಡಾದ ಕೊರತೆ ಯಾಕೆ ಬಂತು ಅಂತ ಇಬ್ಬರೂ ಹಾಳೆ ನೋಡುತ್ತಾ ಕೂತೆವು.

64ರ ಜೊತೆ 9127ರ ಬದಲು 127 ಇದ್ದಿದ್ದರೆ ಗುಣಲಬ್ಧ 8128 ಆಗುತ್ತಿತ್ತು. 8128 ಪರಿಪೂರ್ಣ ಸಂಖ್ಯೆ. ಅದರ ಅಪವರ್ತನಗಳನ್ನು, ಅದೊಂದನ್ನು ಬಿಟ್ಟು, ಕೂಡಿದರೆ ಮತ್ತೆ 8128 ಬರುತ್ತದೆ. ಅಲ್ಲಿ ಕೊರತೆ ಸೊನ್ನೆ. 64ರ ಪಕ್ಕದಲ್ಲಿ ನಿಲ್ಲುವ ಅವಿಭಾಜ್ಯ 127ಕ್ಕಿಂತ ಎಷ್ಟು ಜಾಸ್ತಿಯೋ, ಕೊರತೆಯೂ ಅಷ್ಟೇ. 9127 − 127 = 9000. ಅವಳು ನೋಟ್‌ಬುಕ್ಕಿನಲ್ಲಿ 8128ರ ಸುತ್ತ ಒಂದು ಸುತ್ತು ಎಳೆದು, ಪಕ್ಕದಲ್ಲಿ ಸಿಂಧನೂರು ಅಂತ ಬರೆದಳು.